ಮುಳ್ಳುಬದನೆಗೆ ಉಪ್ಪು ಹೆಚ್ಚಾದ ಪ್ರಸಂಗ

ರಾಯಚೂರಿಗೆ ಸಮುದ್ರವಿಲ್ಲ ಎಂಬ ಕೊರತೆಯನ್ನು ನೀಗಿಸುವ ಹೊಣೆಯನ್ನು ನಾನೇ ಹೊತ್ತುಕೊಂಡೆ. ಹೈಸ್ಕೂಲಿನಲ್ಲಿ ವಿಜ್ಞಾನ ಕಲಿಸುವವನಿಗೆ ಇದೇನು ಮಹಾ! ಪಡಸಾಲೆಯಲ್ಲಿ ಗಾಜಿನ ತೊಟ್ಟಿ ಇಟ್ಟೆ. ಅಕ್ವೇರಿಯಂ ಅಂಗಡಿಯ ಉಪ್ಪನ್ನು ಅಳೆದು ಕಲಸಿ, ಪಾಚಿ ಕಟ್ಟುವವರೆಗೆ ಎರಡು ತಿಂಗಳು ನೀರನ್ನು ಪಳಗಿಸಿ, ಹೈದರಾಬಾದಿನಿಂದ ಒಂದು ಸೀ ಅರ್ಚಿನ್ ತರಿಸಿದೆ. ಮೈತುಂಬ ಮುಳ್ಳಿರುವ, ನಿಂಬೆ ಗಾತ್ರದ ಕಡಲಜೀವಿ.

"ಯವ್ವಾ, ಮುಳ್ಳುಬದನಿಕಾಯಿ! ಎಣ್ಣಿಗಾಯಿ ಮಾಡ್ಲೇನ್ರೀ?" ಎಂದಳು ನನ್ನ ಹೆಂಡತಿ ಮಹಾದೇವಿ.

ಮಧ್ಯಾಹ್ನದ ಹೊತ್ತಿಗೆ ಆ ಬದನೆಕಾಯಿ ಗಾಜು ಹತ್ತತೊಡಗಿತು. ಮುಳ್ಳುಗಳ ನಡುವಿನಿಂದ ನೂರಾರು ದಾರದಂಥ ಕಾಲುಗಳು ಹೊರಬಂದು ಗಾಜನ್ನು ಹಿಡಿಯುತ್ತಿದ್ದವು. ಹೊಟ್ಟೆಯ ಕೆಳಗೆ ಬಾಯಿ, ಅದರಲ್ಲಿ ಐದೇ ಹಲ್ಲು! ಪಾಚಿ ಕೆರೆದು ತಿನ್ನುತ್ತಾ ಅದು ಮೇಲೇರುತ್ತಿದ್ದರೆ ಒಲೆಯ ಮೇಲೆ ರೊಟ್ಟಿ ಹೊತ್ತಿದ್ದೂ ಮಹಾದೇವಿಗೆ ತಿಳಿಯಲಿಲ್ಲ. ಪಕ್ಕದ ಮನೆಯ ಖಾಜಾಸಾಬ್ ಬಂದು ಕನ್ನಡಕ ಒರೆಸಿ ಒರೆಸಿ ನೋಡಿದರು.

"ಯಾ ಅಲ್ಲಾ! ಸರ್, ಕಣ್ಣಿಲ್ಲ, ಮೂಗಿಲ್ಲ, ಗ್ವಾಡಿ ಹತ್ತಾಕತ್ತದಲ್ರೀ!"

ನಮ್ಮೂರ ಬಿಸಿಲಿಗೆ ತೊಟ್ಟಿಯ ನೀರು ದಿನಕ್ಕೆ ಎರಡು ಬೆರಳು ಇಳಿಯುತ್ತಿತ್ತು. ನಾನು ದಿನವೂ ಉಪ್ಪುನೀರು ಕಲಸಿ ಸುರಿದು ಸರಿದೂಗಿಸುತ್ತಿದ್ದೆ. ಸಮುದ್ರವೆಂದರೆ ಉಪ್ಪಲ್ಲವೇ! ಸೆಕೆಯೆಂದು ಫ್ಯಾನ್ ಹಚ್ಚಿದೆ. ನೀರು ಇನ್ನೂ ಬೇಗ ಆರಿತು. ಮತ್ತೆ ಉಪ್ಪುನೀರು ಸುರಿದೆ!

ಎರಡನೇ ವಾರ ಅರ್ಚಿನ್ ಗಾಜಿನಿಂದ ಜಾರಿ ಕೆಳಗೆ ಬಿತ್ತು. ಮುಳ್ಳುಗಳು ಜೋತುಬಿದ್ದವು. ಎರಡು ಉದುರಿಯೂ ಹೋದವು. ಕೂಲಂಕಷ ಪರಿಶೀಲನೆಯ ನಂತರ "ಸೆಕೆಯೇ ಕಾರಣ" ಎಂದು ತೀರ್ಮಾನಿಸಿ ಎರಡನೇ ಫ್ಯಾನ್ ತಂದೆ.

ಮತ್ತೆ ಚೊಂಬು ಹಿಡಿದು ನಿಂತಾಗ ಮಹಾದೇವಿ ಕೇಳಿದಳು, "ಏನ್ ಹಾಕಾಕತ್ತೀರಿ?"

"ಉಪ್ಪುನೀರು."

"ಆರಿದ ನೀರಿನ ಕೂಡ ಉಪ್ಪೂ ಹಾರಿಹೋತೇನ್ರೀ? ಸಾರು ಕುದ್ದು ಗಟ್ಟಿ ಆದ್ರ ಯಾರರ ಉಪ್ಪು ಹಾಕ್ತಾರೇನು? ನೀರು ಹಾಕ್ತಾರ!"

ಚೊಂಬು ಕೈಯಲ್ಲೇ ಉಳಿಯಿತು. ಸಮುದ್ರದ ನೀರು ಆವಿಯಾದರೆ ಉಪ್ಪು ಉಳಿಯುತ್ತದೆ ಎಂದು ನಾನು ಆ ವಾರವಷ್ಟೇ ಎಂಟನೇ ತರಗತಿಗೆ ಪಾಠ ಮಾಡಿದ್ದೆ. ತಪ್ಪು ಬರೆದ ಹುಡುಗಿಯೊಬ್ಬಳಿಗೆ ಅಂಕವನ್ನೂ ಕಳೆದಿದ್ದೆ!

"ಹಂಗಾದ್ರ ಒಂದು ಬಕೀಟು ಫಿಲ್ಟರ್ ನೀರು ಸುರೀತೀನಿ."

"ಉಪವಾಸ ಇದ್ದವ್ರಿಗೆ ಒಮ್ಮಿಗೇ ಹೊಟ್ಟಿ ಬಿರಿಯಂಗ ಉಣಸ್ತಾರೇನು? ಒಂದೊಂದೇ ಲೋಟ ಹಾಕ್ರಿ."

ಮೂರು ದಿನ ಒಂದು ಲೋಟ ಉಪ್ಪುನೀರು ತೆಗೆದು ಒಂದು ಲೋಟ ಫಿಲ್ಟರ್ ನೀರು ಹಾಕುತ್ತ ಹೋದೆ. ಖಾಜಾಸಾಬ್ ತೊಟ್ಟಿಯ ಮುಂದೆ ದುವಾ ಮಾಡಿದರು. ಕಡಲು ಬಿಟ್ಟು ಬಂದ ಆ ಬಡಜೀವ ನನ್ನ ಕೈಯಲ್ಲೇ ಸಾಯುವುದಲ್ಲಾ ಎಂದು ನನಗೆ ಅನ್ನವೂ ಸೇರಲಿಲ್ಲ.

ನಾಲ್ಕನೆಯ ದಿನ ಬೆಳಿಗ್ಗೆ ಮುಳ್ಳುಗಳ ನಡುವಿನಿಂದ ಒಂದು ದಾರ ಹೊರಬಂತು. ಆಮೇಲೆ ಹತ್ತು. ಆಮೇಲೆ ನೂರು! ಅರ್ಚಿನ್ ತೊಟ್ಟಿಯ ತಳದಲ್ಲಿದ್ದ ಒಂದು ಕಪ್ಪೆಚಿಪ್ಪಿನ ಚೂರನ್ನು ತಲೆಗೇರಿಸಿಕೊಂಡು ಮೆಲ್ಲಗೆ ಗಾಜು ಹತ್ತತೊಡಗಿತು. ನನ್ನ ಕೈಗಳು ತಾವಾಗಿಯೇ ಮುಗಿದುಕೊಂಡಿದ್ದವು.

ಮಹಾದೇವಿ ಹಣೆಯ ಟಿಕಳಿ ತೆಗೆದು ನೀರಿನ ಮಟ್ಟಕ್ಕೆ ಸರಿಯಾಗಿ ಗಾಜಿಗೆ ಅಂಟಿಸಿದಳು. "ನೀರು ಇದರಕಿಂತ ಇಳಿದ್ರ ಬರೇ ಫಿಲ್ಟರ್ ನೀರು ಹಾಕ್ರಿ. ತಲಿ ಓಡಸಬ್ಯಾಡ್ರಿ."

ಮೊನ್ನೆ ನಮ್ಮ ಹೆಡ್‌ಮಾಸ್ತರರು ನೋಡಲು ಬಂದರು. ಬಹಳ ಹೊತ್ತು ಬಗ್ಗಿ ನೋಡಿ, "ಇದನ್ನ ಸಾಕಾಕ ಭಾಳ ವಿಜ್ಞಾನ ಗೊತ್ತಿರಬೇಕಲ್ರೀ ಸರ್?" ಎಂದರು.

ನಾನು ಗಂಟಲು ಸರಿಮಾಡಿಕೊಂಡೆ. ಅಷ್ಟರಲ್ಲಿ ಅಡುಗೆಮನೆಯಿಂದ ಉತ್ತರ ಬಂತು.

"ಇವ್ರು ನೀರು ಹಾಕ್ತಾರ್ರೀ ಸರ್. ಅಷ್ಟು ಕಲಿಸೀನಿ."