ಭಾವಮೈದುನನ ಗುಡ್ಡ

ನನ್ನ ಭಾವಮೈದುನನಿಗೆ ಬುದ್ಧಿಯಿಲ್ಲ ಎಂದು ನಾನು ಯಾವತ್ತೂ ಹೇಳಿಲ್ಲ. ಬುದ್ಧಿ ಇದೆ. ಮೊದಲ ಹಿಮ ಬಿದ್ದ ದಿನ ಅದನ್ನು ಬೇಸಗೆಯ ಟೈರುಗಳ ಜೊತೆ ಗ್ಯಾರೇಜಿನಲ್ಲಿಟ್ಟುಬಿಡುತ್ತಾನೆ, ಅಷ್ಟೆ. ಏಪ್ರಿಲ್‌ನಲ್ಲಿ ಟೈರು ಬದಲಾಯಿಸುವಾಗ ಅದನ್ನೂ ವಾಪಸು ಹಾಕಿಕೊಳ್ಳುತ್ತಾನೆ. ನಡುವಿನ ತಿಂಗಳುಗಳಲ್ಲಿ ಅವನನ್ನು ಸಹಿಸಬೇಕಾದವನು ನಾನು!

ನಾನು ಶಿಸ್ತಿನ ಮನುಷ್ಯ. ಹಾಸ್ಟೆಲ್ಲಿನ ಗಂಟೆಗೆ ಎದ್ದು, ಗಂಟೆಗೆ ಉಂಡು ಬೆಳೆದವನು. ವಾನ್ ಎಂಬ ಊರಿನ ನಮ್ಮ ಮನೆಯಲ್ಲಿ ಸೂರ್ಯ ತಡ ಮಾಡಬಹುದು, ನನ್ನ ಕಾಫಿ ತಡವಾಗುವುದಿಲ್ಲ. ಅವನಿರುವುದು ಪಕ್ಕದ ಥಾರ್ನ್‌ಹಿಲ್‌ನಲ್ಲಿ, ಮಗ, ಸೊಸೆ, ಮೊಮ್ಮಗಳ ಜೊತೆ. ಸೇತುವೆಗಳ ಲೆಕ್ಕ ಹಾಕಿ ನಿವೃತ್ತನಾದ ಎಂಜಿನಿಯರು. ಒಂದು ದಿನ ಫೋನು ಮಾಡಿ ತಾನು ಹಿಮದ ಮೇಲೆ ಜಾರುವ ಸ್ಕೀ ಕಲಿಯುತ್ತಿದ್ದೇನೆ ಎಂದ. ಮೊಣಕಾಲು ನೋವೆಂದು ಸತ್ಯನಾರಾಯಣ ಪೂಜೆಗೆ ಕುರ್ಚಿ ಹಾಕಿಸಿಕೊಳ್ಳುವ ಮನುಷ್ಯ!

ಕಲಿಯುವುದಾದರೆ ಕಲಿಯಲಿ, ಆರಿಸಿಕೊಂಡ ಜಾಗವನ್ನಾದರೂ ನೋಡಿ. ನಗರ ದಾಟಿ ಉತ್ತರಕ್ಕೆ ಹೋದರೆ ಹೊಲಗಳ ನಡುವೆ ಒಂದು ಗುಡ್ಡ. ಗುಡ್ಡ ಎಂದದ್ದು ನನ್ನ ಸೌಜನ್ಯ. ನಮ್ಮ ಕಡೆಯಾಗಿದ್ದರೆ ಅದರ ಮೇಲೊಂದು ನೀರಿನ ಟ್ಯಾಂಕು ಕಟ್ಟಿ ಮರೆತುಬಿಡುತ್ತಿದ್ದರು. ಟಿಕೆಟ್ಟು ಅಗ್ಗ, ಬಾಡಿಗೆ ಬೂಟು ಅಗ್ಗ, ಊಟ ಮನೆಯಿಂದಲೇ ತರಬಹುದು. ಹಾಗಾಗಿ ಮಕ್ಕಳಿರುವವರೆಲ್ಲ ಅಲ್ಲಿಗೇ ಬರುತ್ತಾರೆ. ಮೇಲೆ ಹೋಗಲು ತಂತಿಗೆ ಕುರ್ಚಿಗಳನ್ನು ತೂಗುಹಾಕಿದ ಒಂದು ಲಿಫ್ಟು. ಬಹಳ ಹಳೆಯದು. ಕೆಳಗೆ ಯಾವ ಮಗು ಹತ್ತುವಾಗ ಮುಗ್ಗರಿಸಿದರೂ ಇಡೀ ಲಿಫ್ಟು ನಿಲ್ಲುತ್ತದೆ, ಹತ್ತಿದವರೆಲ್ಲ ಆಕಾಶದಲ್ಲಿ ನೇತಾಡುತ್ತಾರೆ. ಹತ್ತುವುದಕ್ಕೆ ಒಂದು ಯುಗ, ಇಳಿಯುವುದಕ್ಕೆ ಒಂದು ಸೀನು!

ಅವನು ಇಳಿಯುವುದನ್ನು ನೀವು ನೋಡಬೇಕು. ಕಾಲು ಅಗಲಿಸಿ, ಸೊಂಟ ಬಗ್ಗಿಸಿ, ಬಚ್ಚಲಲ್ಲಿ ಜಾರಿಹೋದ ಸೋಪು ಹುಡುಕುವವನ ಭಂಗಿ. ಹಾಲುಹಲ್ಲಿನ ಮಕ್ಕಳು ಅಕ್ಕಪಕ್ಕದಲ್ಲಿ ಬಾಣದಂತೆ ಹೋಗುತ್ತಾರೆ. ಒಬ್ಬೊಬ್ಬರಿಗೂ ಇವನು ‘ಸಾರಿ’ ಹೇಳುತ್ತ ಇಳಿಯುತ್ತಾನೆ. ಹದಿನಾಲ್ಕರ ಮೊಮ್ಮಗಳು ಎಂದೋ ಕೆಳಗೆ ತಲುಪಿ ಅಜ್ಜನಿಗಾಗಿ ಕಾಯುತ್ತ ನಿಂತಿರುತ್ತಾಳೆ.

ಇದರಲ್ಲಿ ನನ್ನ ಪಾತ್ರವೇನು ಎನ್ನುತ್ತೀರಾ? ಕೆಳಗಿನ ಊಟದ ಹಾಲ್‌ನಲ್ಲಿ ಪುಳಿಯೋಗರೆಯ ಡಬ್ಬಿಯೊಂದಿಗೆ ಟೇಬಲ್ಲು ಹಿಡಿದು ಕೂರುವುದು. ಒಂದು ಕಾಲದಲ್ಲಿ ದೊಡ್ಡ ಲ್ಯಾಬೊಂದರ ಮುಖ್ಯಸ್ಥನಾಗಿದ್ದ ನಾನು ಈಗ ಪ್ರತಿ ಶನಿವಾರ ಬಸ್ಸಿನ ಸೀಟಿಗೆ ಹಾಕಿದ ಟವಲು!

ಊಟಕ್ಕೆ ಬಂದವನು ಕೂತು ತಿನ್ನುತ್ತಾನೆಯೇ? ಇಲ್ಲ. ಮದುವೆ ಊಟದಲ್ಲಿ ಹೆಣ್ಣಿನ ಅಪ್ಪ ಪಂಕ್ತಿಯಿಂದ ಪಂಕ್ತಿಗೆ ಓಡಾಡುವಂತೆ ಟೇಬಲ್ಲಿನಿಂದ ಟೇಬಲ್ಲಿಗೆ ಹೋಗಿ, ಗುಡ್ಡ ಹೇಗಿದೆ ಎಂದು ವಿಚಾರಿಸುತ್ತಾನೆ. ಗುಡ್ಡ ಇವನ ಪಿತ್ರಾರ್ಜಿತವೋ ಎಂಬಂತೆ. ಒಬ್ಬ ತಾಯಿ, ಮೂರು ಮಕ್ಕಳೂ ಒಂದೇ ಕಿಟಕಿಯಿಂದ ಕಾಣುತ್ತಾರೆ, ಇನ್ನೇನು ಬೇಕು ಎಂದಳು. ಹುಬ್ಬಳ್ಳಿ ಕಡೆಯಿಂದ ಓದಲು ಬಂದ ಹುಡುಗನೊಬ್ಬ ಅಂದೇ ಮೊದಲ ಸಲ ಸ್ಕೀ ಕಟ್ಟಿದ್ದ. ಮೈಯೆಲ್ಲ ಹಿಮ. "ಚಲೋ ಐತ್ರಿ ಸರ. ಬಿದ್ರೂ ಭಾಳ ದೂರ ಉರುಳಂಗಿಲ್ಲ" ಎಂದ. ಭಾವಮೈದುನ ಅವನಿಗೆ ಎರಡನೇ ಸಲ ಪುಳಿಯೋಗರೆ ಬಡಿಸಿದ.

ಆದರೆ ರಾಕಿ ಪರ್ವತಗಳನ್ನೆಲ್ಲ ಇಳಿದು ಬಂದ ಒಬ್ಬ ಎತ್ತರದ ಮನುಷ್ಯ, ಗುಡ್ಡ ಪುಟ್ಟದು, ಹಿಮ ಸಾಲದು, ಮೇಲೆ ಬರೀ ಮಂಜುಗಡ್ಡೆ ಎಂದೆಲ್ಲ ಹೇಳಿದ. ಭಾವಮೈದುನ ತಲೆಯಾಡಿಸಿದ. ಆ ಮನುಷ್ಯ ಮುಂದುವರಿಸಿ, ಈ ಲಿಫ್ಟನ್ನು ಕಿತ್ತು ಹೊಸದು ಹಾಕಬೇಕು, ಇದರ ನಿಧಾನ ನೋಡಿದರೆ ನಾಚಿಕೆಯಾಗುತ್ತದೆ ಎಂದ. ಭಾವಮೈದುನನ ಮುಖ ಬಿಗಿಯಿತು. ಆ ಮನುಷ್ಯನ ಮುಂದಿಟ್ಟಿದ್ದ ಚಕ್ಕುಲಿ ಡಬ್ಬಿಯನ್ನು ಮೆಲ್ಲಗೆ ನಮ್ಮ ಕಡೆಗೆ ಎಳೆದುಕೊಂಡ!

ಇಂಥವನನ್ನು ಏನು ಮಾಡುವುದು ಹೇಳಿ?

ಈ ಚಳಿಗಾಲದ ನಡುವೆ ಅವನ ಮಗ ನನಗೆ ಫೋನು ಮಾಡಿದ. ಮಗಳು ಚೆನ್ನಾಗಿ ಕಲಿತಿದ್ದಾಳೆ, ಮುಂದಿನ ಸೀಸನ್ನಿಗೆ ದೊಡ್ಡ ಸ್ಕೀ ರೆಸಾರ್ಟಿನ ಪಾಸು ತೆಗೆಯುತ್ತೇನೆ, ಅಲ್ಲಿ ಲಿಫ್ಟು ಕಣ್ಣು ಮಿಟುಕಿಸುವುದರಲ್ಲಿ ತುದಿಗೆ ಒಯ್ಯುತ್ತದೆ, ಅಪ್ಪ ಮಾತ್ರ ಒಪ್ಪುತ್ತಿಲ್ಲ, ನೀವೇ ಹೇಳಿ ಮಾವ ಎಂದ. ನನಗೆ ಪರಮಾನಂದ! ಆ ಎತ್ತರಗಳಲ್ಲಿ ಭಾವಮೈದುನ ಇಳಿಯಲಾರ. ಅವನು ಮನೆಯಲ್ಲಿ ಉಳಿಯುತ್ತಾನೆ, ನನ್ನ ಶನಿವಾರ ನನಗೆ ಸಿಗುತ್ತದೆ.

ಹೇಳಿದೆ. ಅವನು ವಾದಿಸಲಿಲ್ಲ.

"ಒಂದು ಸಲ ನೀವು ನಮ್ಮ ಜೊತೆ ಲಿಫ್ಟ್ ಹತ್ತಿ, ಭಾವ. ಆಮೇಲೆ ನನ್ನ ಮಗನಿಗೆ ಏನು ಹೇಳ್ತೀರೋ ಹೇಳಿ."

ಹತ್ತಬೇಕಾದರೆ ಸ್ಕೀ ಕಟ್ಟಬೇಕು. ನಾನು ಯಾವುದನ್ನೂ ಅರ್ಧಂಬರ್ಧ ಮಾಡುವವನಲ್ಲ. ಸಮತಟ್ಟು ಜಾಗದಲ್ಲಿ ಪುಟ್ಟ ಮಕ್ಕಳ ಸಾಲಿನಲ್ಲಿ ನಿಂತು ಪಾಠ ಹೇಳಿಸಿಕೊಂಡೆ. ಮಾಸ್ತರಿಣಿ ನನ್ನ ಮೊಮ್ಮಗಳ ವಯಸ್ಸಿನವಳು, ನಿಂತರೆ ಚಪ್ಪಾಳೆ ತಟ್ಟುತ್ತಿದ್ದಳು. ಈ ಇಳಿವಯಸ್ಸಿನಲ್ಲಿ ನಿಂತದ್ದಕ್ಕೆ ಚಪ್ಪಾಳೆ!

ಅಂತೂ ಒಂದು ಶನಿವಾರ ಮೂವರೂ ಒಂದೇ ಕುರ್ಚಿಯಲ್ಲಿ ಕೂತೆವು. ಆ ತುದಿಗೆ ಹುಡುಗಿ, ನಡುವೆ ಅವನು, ಈ ತುದಿಗೆ ನಾನು. ನೆಲ ಕಾಲ ಕೆಳಗಿನಿಂದ ಜಾರಿಹೋದದ್ದೇ ತಡ, ಅಡ್ಡಕಂಬಿ ಹಿಡಿದು ಕಣ್ಣು ಮುಚ್ಚಿದೆ. ಮನಸ್ಸಿನಲ್ಲಿ ಭಾವಮೈದುನನಿಗೆ ಬೈಗುಳ, ಬಾಯಲ್ಲಿ ರಾಘವೇಂದ್ರ ಸ್ವಾಮಿ. ಸ್ವಲ್ಪ ಹೊತ್ತಿಗೆ ಹುಡುಗಿಯ ದನಿ ಕೇಳಿಸಿತು.

"ವಾನ್ ಅಜ್ಜಂಗೆ ಕೇಳ್ಸುತ್ತಾ?"

"ಇಲ್ಲ, ಅವರು ಭಯದಲ್ಲಿದಾರೆ."

ಹುಡುಗಿ ದನಿ ತಗ್ಗಿಸಿದಳು.

"ಅಜ್ಜ, ಸ್ಕೂಲಲ್ಲಿ ಆ ಹುಡ್ಗೀರು ಈ ವೀಕೂ ನನ್ನ ಜೊತೆ ಕೂತ್ಕೊಳ್ಲಿಲ್ಲ. ಲಂಚ್ ಟೈಮಲ್ಲಿ ಐ ಸಿಟ್ ಅಲೋನ್."

"ಲೈಬ್ರರಿಗೆ ಹೋಗ್ತಿದ್ಯಲ್ಲ?"

"ಅಲ್ಲಿ ತಿನ್ನಕ್ಕೆ ಬಿಡಲ್ಲ. ಅಪ್ಪಂಗೆ ಹೇಳ್ಬೇಡಿ. ಹೀ ವಿಲ್ ಕಾಲ್ ದ ಸ್ಕೂಲ್."

"ಇಷ್ಟು ದಿನ ಹೇಳಿದ್ನಾ?"

ಅಷ್ಟರಲ್ಲಿ ಲಿಫ್ಟು ನಿಂತಿತು. ಕೆಳಗೆ ಯಾವುದೋ ಮಗು ಬಿದ್ದಿರಬೇಕು. ಕುರ್ಚಿ ತೂಗಾಡುತ್ತಿತ್ತು, ಹುಡುಗಿ ಮಾತಾಡುತ್ತಲೇ ಇದ್ದಳು. ಮುರುಕು ಕನ್ನಡದಲ್ಲಿ, ಮಾತು ಸಾಲದ ಕಡೆ ಇಂಗ್ಲಿಷಿನಲ್ಲಿ, ಯಾರು ಏನಂದರು, ಯಾರು ನೋಡಿ ನಕ್ಕರು ಎಂದೆಲ್ಲ. ಮನೆಯಲ್ಲಿ ನಾವು ಏನು ಕೇಳಿದರೂ ‘ಫೈನ್’ ಎಂದು ಕೋಣೆಯ ಬಾಗಿಲು ಹಾಕಿಕೊಳ್ಳುವ ಹುಡುಗಿ! ಇಲ್ಲಿ ಹಾಕಿಕೊಳ್ಳಲು ಬಾಗಿಲಿಲ್ಲ. ಕೈಗೆ ದಪ್ಪ ಗ್ಲೌಸು, ಫೋನು ಮುಟ್ಟುವಂತಿಲ್ಲ. ಇಬ್ಬರೂ ಮುಂದಕ್ಕೇ ನೋಡುತ್ತಿರುವುದರಿಂದ ಯಾರೂ ಯಾರ ಮುಖವನ್ನೂ ನೋಡಬೇಕಾಗಿಲ್ಲ. ಇವನು ಬುದ್ಧಿ ಹೇಳಲಿಲ್ಲ, ಸಮಾಧಾನವನ್ನೂ ಹೇಳಲಿಲ್ಲ. ‘ಹ್ಞೂಂ’ ಎನ್ನುತ್ತಿದ್ದ, ಅಷ್ಟೆ.

ನಾನು ಕಣ್ಣು ತೆರೆಯಲಿಲ್ಲ. ಭಯ ಹೋಗಿ ಎಷ್ಟೋ ಹೊತ್ತಾಗಿತ್ತು.

ಮರುದಿನ ಅವನ ಮಗನಿಗೆ ಫೋನು ಮಾಡಿ, ಪಾಸು ತೆಗೆಯಬೇಡ ಎಂದೆ. ಯಾಕೆ ಮಾವ ಎಂದು ಕೇಳಿದ. ಎಲ್ಲದಕ್ಕೂ ಕಾರಣ ಇಟ್ಟುಕೊಂಡೇ ಬಾಳಿದವನು ನಾನು. ಹೇಳುವಂಥ ಕಾರಣ ಒಂದೂ ಇರಲಿಲ್ಲ, ಇದ್ದ ಒಂದನ್ನು ಹೇಳುವಂತಿರಲಿಲ್ಲ.

"ಅಲ್ಲಿ ಲಿಫ್ಟು ತುಂಬ ಜೋರು ಕಣೋ" ಎಂದೆ.

ಮಾವನಿಗೂ ವಯಸ್ಸಾಯಿತು ಎಂದುಕೊಂಡಿರಬೇಕು. ನೀವು ಹೇಳಿದ ಮೇಲೆ ಆಯ್ತು ಎಂದ.

ಮುಂದಿನ ಶನಿವಾರ ನನಗೆ ಮತ್ತೆ ಅದೇ ಟೇಬಲ್ಲು. ಕಿಟಕಿಯಾಚೆ ಲಿಫ್ಟು ಗಕ್ಕನೆ ನಿಂತಿತು. ಊಟದ ಹಾಲ್‌ನಲ್ಲಿದ್ದವರೆಲ್ಲ ಒಂದೇ ಸಮನೆ ಗೊಣಗಿದರು. ದೂರದಲ್ಲಿ, ಬಿಳಿಯ ಇಳಿಜಾರಿನ ಮೇಲೆ, ಒಂದು ಕುರ್ಚಿಯಲ್ಲಿ ಎರಡು ತಲೆಗಳು ಪಕ್ಕಪಕ್ಕ ಕಂಡವು. ಚಿಕ್ಕದು ಒಂದೇ ಸಮನೆ ಅಲ್ಲಾಡುತ್ತಿತ್ತು.

ಕೆಳಗೆ ಬಿದ್ದ ಮಗು ಯಾವುದೋ ಏನೋ, ಪಾಪ, ನಿಧಾನವಾಗಿ ಏಳಲಿ ಎಂದುಕೊಂಡೆ.