ಎದುರು ಮನೆಗೆ ಕನ್ನಡ ಕಲಿಸಿದ ಪೆಟ್ಟಿಗೆಯವರಿಗೆ

ನಮ್ಮ ಟೀವಿಯ ನೆತ್ತಿಯ ಮೇಲೆ, ನನ್ನ ಹೆಂಡತಿ ಕಸೂತಿ ಹಾಕಿದ ಬಟ್ಟೆಯ ಮೇಲೆ ವಿರಾಜಮಾನರಾಗಿರುವ, ಒಂದೇ ಕೆಂಪು ಕಣ್ಣಿನಿಂದ ಇಡೀ ಸಂಸಾರವನ್ನು ಗಮನಿಸುತ್ತಿರುವ ಶ್ರೀಮಾನ್ ಡಿಜಿಟಲ್ ಸೆಟ್ ಟಾಪ್ ಬಾಕ್ಸ್ ಅವರ ಸನ್ನಿಧಾನಕ್ಕೆ,

ಮೋತಿಪುರಾ, ವಡೋದರಾ ಜಿಲ್ಲೆ
ಫೆಬ್ರವರಿ 2006

ಮಾನ್ಯರೇ,

ತಾವು ಕ್ಷೇಮವೆಂದು ತಮ್ಮ ದೀಪದಿಂದಲೇ ತಿಳಿಯುತ್ತಿದೆ. ನಾನು ಮಲ್ಲಿಕಾರ್ಜುನ, ಗದಗ ಜಿಲ್ಲೆಯ ರೋಣದ ಕಡೆಯವನು, ಬ್ಯಾಂಕಿನವರು ಎತ್ತಿ ಇಟ್ಟಲ್ಲಿ ಕೂರುವ ಅಧಿಕಾರಿ. ಮೊದಲು ಸೂರತ್, ಆಮೇಲೆ ಅಹಮದಾಬಾದ್, ಈಗ ಈ ಹಳ್ಳಿಯ ಶಾಖೆ. ಅಹಮದಾಬಾದಿನಲ್ಲಿ ಸ್ಯಾಟಲೈಟ್ ಎಂಬ ಹೆಸರಿನ ಬಡಾವಣೆಯಲ್ಲೇ ವಾಸವಿದ್ದರೂ ಆಕಾಶದಿಂದ ನನಗೇನೂ ಇಳಿದು ಬರಲಿಲ್ಲ. ಎಮ್ಮೆಗಳೇ ಹೆಚ್ಚಿರುವ ಈ ಊರಿಗೆ ಬಂದ ಮೇಲೆ ತಾವು ಇಳಿದು ಬಂದಿರಿ. ಆ ಉಪಕಾರವನ್ನು ಮೊದಲು ನೆನೆದು, ಆಮೇಲೆ ದೂರು ಹೇಳುವುದು ಸಭ್ಯತೆಯೆಂದು ಭಾವಿಸಿದ್ದೇನೆ.

ತಮ್ಮನ್ನು ಮನೆಗೆ ತಂದದ್ದು ಮನರಂಜನೆಗಾಗಿ ಅಲ್ಲ ಎಂಬುದನ್ನು ದಯವಿಟ್ಟು ನಂಬಬೇಕು. ನನ್ನ ಮಗಳು ಸಂಜನಾ ಹುಟ್ಟಿದ್ದು ಸೂರತ್ತಿನಲ್ಲಿ. ಶಾಲೆಯಲ್ಲಿ ಗುಜರಾತಿ, ಗೆಳತಿಯರೊಡನೆ ಹಿಂದಿ, ಪರೀಕ್ಷೆಯಲ್ಲಿ ಇಂಗ್ಲಿಷ್. ಕನ್ನಡಕ್ಕೆ ಉಳಿದದ್ದು ಊಟದ ತಟ್ಟೆ ಮಾತ್ರ, ಅದೂ 'ಬೇಡ' ಮತ್ತು 'ಸಾಕು' ಎಂಬ ಎರಡು ಮಾತು. ನಾನೂ ನನ್ನ ಹೆಂಡತಿ ಇಂದಿರಾಳೂ ಕನ್ನಡದಲ್ಲಿ ಕೇಳಿದ್ದಕ್ಕೆ ಅವಳು ಗುಜರಾತಿಯಲ್ಲಿ ಉತ್ತರಿಸುತ್ತಿದ್ದಳು. ನಾವಿಬ್ಬರೂ ಅದನ್ನು ಬುದ್ಧಿವಂತಿಕೆಯೆಂದು ಬಂಧುಬಳಗಕ್ಕೆಲ್ಲ ಹೇಳಿಕೊಂಡು ತಿರುಗಿದೆವು. ಒಂದು ಭಾನುವಾರ ಊರಿನಿಂದ ಅವ್ವನ ಫೋನ್ ಬಂತು. ಹೇಗಿದ್ದೀ ಎಂದು ಅವ್ವ ಕೇಳಿದಳು, ಚೆನ್ನಾಗಿದ್ದೇನೆ ಎಂಬ ಅರ್ಥದಲ್ಲಿ ಸಂಜನಾ "ಮಜಾಮಾ" ಎಂದು ಓಡಿಹೋದಳು. ಅವ್ವ, "ಮಲ್ಲೂ, ನಾ ಅಂಥಾದ್ದೇನ್ ಕೇಳಿದ್ನೋ? ಯಾಕ ಬೈದ್ಲು ಆಕಿ?" ಎಂದಳು. ನಾನು ನಕ್ಕೆ. ಅವ್ವ ನಗಲಿಲ್ಲ. "ಚಳಿಗಾಲದಾಗ ನಾನ ಬರ್ತೀನಿ. ಮೊಮ್ಮಗಳ ಕೂಡ ಕುಂತು ಮಾತಾಡಬೇಕು. ಅಷ್ಟರಾಗ ಆಕಿಗಿ ನಾಕು ಮಾತು ಕಲ್ಸು," ಎಂದು ಫೋನ್ ಇಟ್ಟಳು.

ಮಗಳ ಪಕ್ಕ ಕೂತು ಮಾತಾಡುವುದನ್ನು ಬಿಟ್ಟು ಬೇರೆ ಯಾವ ದಾರಿಯಿದೆ ಎಂದು ನಾನು ಬಹಳ ಯೋಚಿಸಿದೆ. ಆ ದಿನಗಳಲ್ಲೇ, ಸಣ್ಣ ಡಿಶ್ ತಟ್ಟೆಯೊಂದನ್ನು ಮಾಳಿಗೆಗೆ ಹಾಕಿ ತಮ್ಮನ್ನು ಟೀವಿಗೆ ಜೋಡಿಸಿದರೆ ತಿಂಗಳ ಬಾಡಿಗೆಯಿಲ್ಲದೆ ದೇಶದ ಭಾಷೆಗಳೆಲ್ಲ ಹಳ್ಳಿಗೂ ಬರುತ್ತವೆ, ಅದರಲ್ಲಿ ಕನ್ನಡದ ವಾಹಿನಿಯೂ ಒಂದಿದೆ ಎಂಬ ಸುದ್ದಿ ತಿಳಿಯಿತು. ವಡೋದರೆಗೆ ಹೋಗಿ, ತಮ್ಮನ್ನು ಮಡಿಲಲ್ಲಿಟ್ಟುಕೊಂಡು ಬಸ್ಸಿನಲ್ಲಿ ಕರೆತಂದೆ. ಬಿದಿರು ಗಳಕ್ಕೆ ಕಟ್ಟಿದ್ದ ಹಳೆಯ ಆಂಟೆನಾ ಇಳಿಸಿದ ದಿನ ಊರಿನ ಅರ್ಧ ಜನ ನಮ್ಮ ಹಜಾರದಲ್ಲಿ ಸೇರಿದ್ದರು. ಡಿಜಿಟಲ್ ಎಂದರೇನು ಎಂಬ ಬಗ್ಗೆ, ನನಗೂ ಅರ್ಥವಾಗದ ಒಂದು ಭಾಷಣವನ್ನು ಮಾಡಿ, ತೆಂಗಿನಕಾಯಿ ಒಡೆದು, ತಮ್ಮ ಗುಂಡಿ ಒತ್ತಿದೆ. ಪರದೆ ಪೂರ್ತಿ ನೀಲಿಯಾಯಿತು. ನಡುವೆ 'ನೋ ಸಿಗ್ನಲ್' ಎಂಬ ಎರಡು ಪದ ಮೂಡಿದವು. ಹಿಂದಿನ ಸಾಲಿನವರು ಕೈಮುಗಿದರು. ಮೆಕ್ಯಾನಿಕ್ ಬಂದು ತಟ್ಟೆಯನ್ನು ಸರಿಯಾದ ದಿಕ್ಕಿಗೆ ತಿರುಗಿಸುವವರೆಗೆ ಎರಡು ದಿನ ನಾನು ಬ್ಯಾಂಕಿಗೆ ಹಿಂದಿನ ಓಣಿಯಿಂದ ಹೋಗಬೇಕಾಯಿತು.

ಮಾನ್ಯರೇ, ದೂರು ಇಲ್ಲಿಂದ ಆರಂಭವಾಗುತ್ತದೆ. ಸಂಜೆಯ ಧಾರಾವಾಹಿಯ ಹೊತ್ತಿಗೆ ಮನೆಯಲ್ಲಿ ಕನ್ನಡ ಬಿಟ್ಟು ಬೇರೇನೂ ಹಾಕಬಾರದೆಂದು ನಾನು ಆಜ್ಞೆ ಹೊರಡಿಸಿದೆ. ಆಜ್ಞೆಯನ್ನು ಕೇಳಿದೊಡನೆ ಸಂಜನಾ ಎದುರು ಮನೆಯ ರೇವಾಬೆನ್ನರ ಅಂಗಳಕ್ಕೆ, ಅವರ ಎಮ್ಮೆಕರುವಿನ ಜೊತೆ ಆಡಲು ಹೋದಳು. ಹಾಲನ್ನು ಡೇರಿಗೆ ಹಾಕಿ ಬಂದ ರೇವಾಬೆನ್ ಸಂಜನಾ ಬಿಟ್ಟುಹೋದ ಚಾಪೆಯ ಮೇಲೆ ಕೂತರು. ಅರವತ್ತು ದಾಟಿದ, ಒಬ್ಬರೇ ಇರುವ, ಊರಿನವರೆಲ್ಲ ಗೌರವದಿಂದ 'ಬಾ', ಅಂದರೆ ಅಮ್ಮ, ಎಂದು ಕರೆಯುವ ಹೆಂಗಸು. ಮೊದಲೂ ಅವರು ಅದೇ ಹೊತ್ತಿಗೆ ನಮ್ಮ ಮನೆಗೆ ಬಂದು ಗುಜರಾತಿಯ ಕೃಷಿ ಕಾರ್ಯಕ್ರಮ ನೋಡುತ್ತಿದ್ದರು. ಈಗ ಅದರ ಬದಲು ಕನ್ನಡ ಬಂದಿದೆಯೆಂದು ಹೇಳಿದಾಗ, "ಹೋಗಲಿ ಸಾಹೇಬ್, ಎಮ್ಮೆಗೆ ಏನು ಹಾಕಬೇಕೆಂದು ನನಗೆ ಗೊತ್ತಿದೆ. ಈ ಹೆಂಗಸು ಯಾಕೆ ಇಷ್ಟು ಸಿಟ್ಟಾಗಿದ್ದಾಳೆ, ಅದನ್ನು ಹೇಳಿ," ಎಂದು ಗುಜರಾತಿಯಲ್ಲಿ ಕೇಳಿದರು. ಸಿಟ್ಟಾಗಿದ್ದ ಹೆಂಗಸು ಧಾರಾವಾಹಿಯ ಅತ್ತೆ. ಇಂದಿರಾ ಅರ್ಥ ಹೇಳಿದಳು. ಮರುದಿನವೂ ಹೇಳಿದಳು. ಮಳೆಗಾಲ ಬರುವ ಹೊತ್ತಿಗೆ ರೇವಾಬೆನ್ ಅರ್ಥ ಕೇಳುವುದನ್ನು ನಿಲ್ಲಿಸಿದರು.

ಮಳೆಗಾಲದಲ್ಲಿ ತಾವು ತೋರಿದ ಘನತೆಯನ್ನು ಮರೆಯುವಂತಿಲ್ಲ. ಹಳೆಯ ಆಂಟೆನಾ ಗಾಳಿಮಳೆಗೆ ಚಿತ್ರವನ್ನು ಮಸುಕು ಮಾಡಿದರೂ ಮಾತನ್ನಾದರೂ ಕೇಳಿಸುತ್ತಿತ್ತು. ತಾವು ಹಾಗೆ ಅರೆಬರೆ ಸೇವೆ ಮಾಡುವವರಲ್ಲ. ಕೊಟ್ಟರೆ ಸ್ಫಟಿಕದಂತೆ ಕೊಡುತ್ತೀರಿ. ಮೋಡ ದಟ್ಟವಾದರೆ ಅತ್ತೆಯ ಮುಖವನ್ನು ಚೌಕ ಚೌಕವಾಗಿ ಒಡೆದು, ಬಾಯಿ ತೆರೆದಿರುವಾಗಲೇ ನಿಲ್ಲಿಸಿಬಿಡುತ್ತೀರಿ. ಒಂದು ಸಂಜೆ ಸೊಸೆಯ ಪೆಟ್ಟಿಗೆಯನ್ನು ಅತ್ತೆ ಬೀದಿಗೆ ಎಸೆಯುವ ಹೊತ್ತಿಗೆ ಹಾಗಾಯಿತು. ಮುಂದೇನಾಯಿತು ಎಂದು ರೇವಾಬೆನ್ ಹಟ ಹಿಡಿದದ್ದರಿಂದ, ಅತ್ತೆಗೆ ಪಶ್ಚಾತ್ತಾಪವಾಗಿ ಸೊಸೆಯನ್ನು ತಬ್ಬಿಕೊಂಡಳು ಎಂದು ನಾನೇ ಹೆಣೆದು ಹೇಳಿದೆ. ಅವರು ಕಣ್ಣೊರೆಸಿಕೊಂಡು ಹೋದರು. ಮರುಸಂಜೆ ಮೋಡ ಸರಿದು, ಸೊಸೆ ಬೀದಿಯಲ್ಲೇ ನಿಂತಿರುವುದನ್ನು ತಾವು ಬಹಳ ಸ್ಪಷ್ಟವಾಗಿ ತೋರಿಸಿದಿರಿ. ಅಂದಿನಿಂದ ನಾನು ಮಳೆ ನಿಲ್ಲುತ್ತದೆ ಎಂದರೂ ರೇವಾಬೆನ್ ನಂಬುವುದಿಲ್ಲ.

ಅದರ ಮುಂದಿನ ವಾರ ಬ್ಯಾಂಕಿನಲ್ಲಿ ಸಾಲು ಉದ್ದವಿತ್ತು, ಕಂಪ್ಯೂಟರ್ ನಿಂತಿತ್ತು. ಪಾಸ್‌ಬುಕ್ ಹಿಡಿದು ಬಹಳ ಹೊತ್ತು ನಿಂತಿದ್ದ ರೇವಾಬೆನ್ ಸೆರಗನ್ನು ಸೊಂಟಕ್ಕೆ ಸಿಕ್ಕಿಸಿ, ನನ್ನ ಮೇಜಿನ ಕಡೆ ತಿರುಗಿ, ಅಚ್ಚ ಕನ್ನಡದಲ್ಲಿ "ನನ್ನ ತಾಳ್ಮೆಗೂ ಒಂದು ಮಿತಿ ಇದೆ! ಈ ಮನೆಯಲ್ಲಿ ಇನ್ನು ಮೇಲೆ ನಾನು ಹೇಳಿದ್ದೇ ನಡೆಯಬೇಕು!" ಎಂದು ಗುಡುಗಿದರು. ಆ ಕೋಣೆಯಲ್ಲಿ ಅದರ ಅರ್ಥ ತಿಳಿದವನು ನಾನೊಬ್ಬನೇ. ಎದ್ದು ನಿಂತವನೂ ನಾನೊಬ್ಬನೇ. ಸಾಲಿನಲ್ಲಿದ್ದವರು ಚಪ್ಪಾಳೆ ಹೊಡೆದರು. ಅಷ್ಟು ವರ್ಷ ಪರನಾಡಿನಲ್ಲಿದ್ದು, ಮೊದಲ ಸಲ ಬ್ಯಾಂಕಿನಲ್ಲಿ ನನ್ನ ಭಾಷೆ ಕೇಳಿದ್ದಕ್ಕೆ ನನಗೆ ಸಂತೋಷವೇ ಆಯಿತೆಂದು ಹೇಳಬೇಕು, ಮತ್ತೆ ಕೂರುವುದು ಮಾತ್ರ ಮರೆತೇಹೋಗಿತ್ತು.

ಹೀಗೆ ಎಮ್ಮೆ ಸಾಕುವ ಗುಜರಾತಿ ಅಜ್ಜಿಗೆ ಕನ್ನಡ ಬಂತು. ಮಗಳಿಗೆ ಎಮ್ಮೆ ಸಾಕಲು ಬಂತು. ಡಿಸೆಂಬರಿನಲ್ಲಿ ಅವ್ವ ಬಂದಳು.

ಮಾನ್ಯರೇ, ಆ ದಿನದ ಬಗ್ಗೆ ವ್ಯಂಗ್ಯವಾಡಲು ನನಗೆ ಬರುವುದಿಲ್ಲ. ಅವ್ವ ಬುತ್ತಿಯ ಗಂಟು ಬಿಚ್ಚಿ, ಒಣರೊಟ್ಟಿ, ಶೇಂಗಾ ಚಟ್ನಿ, ಮೊಮ್ಮಗಳಿಗೆಂದು ತಂದ ಇಳಕಲ್ ಬಟ್ಟೆಯ ಲಂಗ ಎಲ್ಲ ಮುಂದಿಟ್ಟು, "ಬಾ ನನ್ನವ್ವಾ, ಸಾಲ್ಯಾಗ ಏನ್ ಕಲ್ಸ್ಯಾರ, ಹೇಳು," ಎಂದಳು. ಸಂಜನಾ ಕಾಲಿಗೆ ನಮಸ್ಕರಿಸಿ, ನನ್ನ ಮುಖ ನೋಡಿ, ಮೆಲ್ಲಗೆ "ಮನೇ ನಥೀ ಆವಡತುಂ, ಪಪ್ಪಾ," ಎಂದಳು. ನನಗೆ ಬರುವುದಿಲ್ಲ ಎಂದು ಅರ್ಥ. ನಾನು ಅವ್ವನಿಗೆ ಅರ್ಥ ಹೇಳಲಿಲ್ಲ, ಅವಳೂ ಕೇಳಲಿಲ್ಲ. ಲಂಗವನ್ನು ಮತ್ತೆ ಮಡಿಸತೊಡಗಿದಳು. ಒಮ್ಮೆ ಮಡಿಸಿ, ಬಿಚ್ಚಿ, ಇನ್ನೊಮ್ಮೆ ಮಡಿಸಿದಳು.

ಅಷ್ಟರಲ್ಲಿ ತಮ್ಮ ಶಿಷ್ಯೆ ಹಾಲಿನ ಚೊಂಬು ಹಿಡಿದು ಬಾಗಿಲಲ್ಲಿ ನಿಂತು, "ನಮಸ್ಕಾರ! ಪ್ರಯಾಣ ಸುಖಕರವಾಗಿತ್ತೇ?" ಎಂದರು. ಅವ್ವ ತಟ್ಟನೆ ಎದ್ದು ಸೆರಗು ಸರಿಮಾಡಿಕೊಂಡು ನನ್ನ ಕಿವಿಯಲ್ಲಿ, "ಇವರು ಮೈಸೂರ ಕಡಿಯವರೇನೋ?" ಎಂದಳು. ಬಳಿಕ ಮೇಲ್ದನಿಯಲ್ಲಿ, "ಬರ್‍ರಿ ಅಕ್ಕಾರ, ಕುಂದರ್‍ರಿ," ಎಂದಳು. ರೇವಾಬೆನ್ ಕೂತು, ಬಂದದ್ದು ಬಹಳ ಸಂತೋಷ ಎಂಬುದನ್ನು ಕನ್ನಡದಲ್ಲಿ ಹೇಗೆ ಹೇಳುವುದೆಂದು ಹುಡುಕಿ, ತಾವು ಕಲಿಸಿದ್ದರಲ್ಲಿ ಕೈಗೆ ಸಿಕ್ಕಿದ್ದನ್ನು ತೆಗೆದು, ಮುಖದ ತುಂಬ ನಗುತ್ತ, "ಈ ಮನೆಗೆ ಕಾಲಿಟ್ಟಿದ್ದೇ ನನ್ನ ದುರದೃಷ್ಟ!" ಎಂದರು. ನಾನು ಕಣ್ಣು ಮುಚ್ಚಿಕೊಂಡೆ. ಕಣ್ಣು ಬಿಟ್ಟಾಗ ಅವ್ವ ಹೊಟ್ಟೆ ಹಿಡಿದುಕೊಂಡು ನಗುತ್ತಿದ್ದಳು. ಏನಾಯಿತೆಂದು ತಿಳಿಯದಿದ್ದರೂ ರೇವಾಬೆನ್ ಅವಳ ತೊಡೆ ತಟ್ಟಿ ತಾವೂ ನಗುತ್ತಿದ್ದರು.

ಮರುದಿನದಿಂದ ಅವರಿಬ್ಬರೂ ಬಿಸಿಲಿಗೆ ಕೂರುವುದು, ಸಂಜೆ ತಮ್ಮೆದುರು ಕೂರುವುದು ನಡೆಯಿತು. ಗದುಗಿನ ಕನ್ನಡ ರೇವಾಬೆನ್ನರಿಗೆ ತಿಳಿಯದು, ಗುಜರಾತಿ ಅವ್ವನಿಗೆ ತಿಳಿಯದು. ಅತ್ತೆಯ ಬೈಗುಳ ಇಬ್ಬರಿಗೂ ತಿಳಿಯುತ್ತಿತ್ತು. ಸಂಜನಾ ದೂರದಲ್ಲಿ ನಿಂತು ನೋಡುತ್ತಿದ್ದಳು. ತನ್ನ ಅಜ್ಜಿಯನ್ನು ಎದುರು ಮನೆಯವರು ಎತ್ತಿಕೊಂಡು ಹೋದರೆಂದು ಅವಳಿಗೆ ಅನ್ನಿಸಿರಬೇಕು. ಕರುವಿನ ಹತ್ತಿರ ಹೋಗುವುದನ್ನೂ ಬಿಟ್ಟಳು.

ಜನವರಿಯಲ್ಲಿ ಉತ್ತರಾಯಣ ಬಂತು. ಆ ದಿನ ಈ ನಾಡಿನಲ್ಲಿ ನೆಲದ ಮೇಲೆ ಯಾರೂ ಇರುವುದಿಲ್ಲ, ಎಲ್ಲರೂ ಮಾಳಿಗೆಯ ಮೇಲೆ, ಕೈಯಲ್ಲಿ ಗಾಳಿಪಟ. ಯಾರದೋ ಗಾಜಿನ ಪುಡಿ ಹಚ್ಚಿದ ಮಾಂಜಾ ದಾರ ನಮ್ಮ ತಟ್ಟೆಗೆ ಸುತ್ತಿಕೊಂಡಿತು, ಎಳೆದ ರಭಸಕ್ಕೆ ತಟ್ಟೆ ದಿಕ್ಕು ತಪ್ಪಿತು, ತಾವು ನೀಲಿಯಾದಿರಿ. ಹಬ್ಬವೆಂದು ಮೆಕ್ಯಾನಿಕ್ ಸಿಗಲಿಲ್ಲ. ಎರಡನೆಯ ಸಂಜೆ ನಾನೇ ಬೋಲ್ಟು ತಿರುಗಿಸುವ ಪಾನಾ ಹಿಡಿದು ಮಾಳಿಗೆ ಹತ್ತಿದೆ.

ಕೆಳಗಿನ ಅಂಗಳದಲ್ಲಿ, ಧಾರಾವಾಹಿ ಇಲ್ಲದೆ ಚಡಪಡಿಸುತ್ತಿದ್ದ ರೇವಾಬೆನ್ನರಿಗೆ ಅವ್ವ ತಾನೇ ಮುಂದಿನ ಕಥೆ ಹೇಳುತ್ತಿದ್ದಳು. ನನ್ನಂತೆ ಅತ್ತೆಗೆ ಪಶ್ಚಾತ್ತಾಪವಾಯಿತೆಂಬ ಬೊಗಳೆಯಲ್ಲ. "ಆ ಸೊಸಿ ತವರಿಗೂ ಹೋಗಲಿಲ್ಲ, ಗಂಡನ ಕಾಲಿಗೂ ಬೀಳಲಿಲ್ಲ. ಅದ ಓಣ್ಯಾಗ ಬಾಡಿಗಿ ಮನಿ ಹಿಡದು ಖಾನಾವಳಿ ತಗದ್ಲು." ರೇವಾಬೆನ್ನರಿಗೆ ಒಂದೂ ತಿಳಿಯಲಿಲ್ಲ. ಖಾನಾವಳಿ ಎಂಬ ಪದವನ್ನು ತಮ್ಮ ಧಾರಾವಾಹಿಯ ಅತ್ತೆ ಎಂದೂ ಆಡಿರಲಿಲ್ಲ. ಮೆಟ್ಟಿಲ ಮೇಲೆ ದಾರದ ಉರುಳೆ ಸುತ್ತುತ್ತ ಕೂತಿದ್ದ ಸಂಜನಾ ತಲೆಯೆತ್ತದೆ ಅದನ್ನೆಲ್ಲ ಗುಜರಾತಿಯಲ್ಲಿ ಹೇಳಿಬಿಟ್ಟಳು. ರೇವಾಬೆನ್ ಗುಜರಾತಿಯಲ್ಲೇ ಏನೋ ಕೇಳಿದರು. ಆಗ ಮಗಳು ಉರುಳೆ ಕೆಳಗಿಟ್ಟು, ಅಜ್ಜಿಯ ಕಡೆ ತಿರುಗಿ, ಒಂದೊಂದೇ ಪದವನ್ನು ಕಾಲಿಟ್ಟು ನೋಡುವವಳಂತೆ, "ಅಜ್ಜೀ, ರೇವಾಬಾ ಕೇಳ್ತಾಳ... ಆ ಸೊಸಿಗೆ ಅಡಗಿ ಮಾಡಾಕ ಪಾತ್ರೆ ಯಾರು ಕೊಟ್ರು?" ಎಂದಳು.

ಅವ್ವ ಗಾಬರಿಯಾಗಲಿಲ್ಲ, ಹೊಗಳಲಿಲ್ಲ, ತಬ್ಬಿಕೊಳ್ಳಲೂ ಇಲ್ಲ. "ಛಲೋ ಕೇಳಿದ್ಲು ನೋಡು. ಓಣಿ ಹೆಣ್ಮಕ್ಳೆಲ್ಲ ಒಂದೊಂದು ಕೊಟ್ರಂತ ಹೇಳು ಆಕಿಗಿ," ಎಂದು ಕಥೆ ಮುಂದುವರಿಸಿದಳು.

ನಾನು ಮಾಳಿಗೆಯ ಕಟ್ಟೆಯ ಮೇಲೆ ಕೂತುಬಿಟ್ಟೆ. ಹತ್ತು ವರ್ಷ ನಮ್ಮ ಮಾತನ್ನೆಲ್ಲ ಆ ಮಗು ಕೇಳಿಸಿಕೊಂಡೇ ಇತ್ತು. ಅವಳ ಕನ್ನಡದ ಉತ್ತರಕ್ಕಾಗಿ ಕಾಯುವವರು ಮನೆಯಲ್ಲಿರಲಿಲ್ಲ ಅಷ್ಟೆ. ಸ್ವಲ್ಪ ಹೊತ್ತಾದ ಮೇಲೆ ಎದ್ದು, ತಟ್ಟೆಯನ್ನು ಹಿಡಿದು, ದಿಕ್ಕು ಇನ್ನಷ್ಟು ತಪ್ಪುವಂತೆ ಪಡುವಣಕ್ಕೆ ತಿರುಗಿಸಿ, ಬೋಲ್ಟುಗಳನ್ನು ಬಲವಾಗಿ ಬಿಗಿದು ಇಳಿದು ಬಂದೆ. ಏನಾಯಿತೆಂದು ಇಂದಿರಾ ಕೇಳಿದಳು. ಉಪಗ್ರಹದಲ್ಲೇ ದೋಷವಿದೆ, ತಿಂಗಳು ಹಿಡಿಯಬಹುದು ಎಂದೆ. ಅವಳು ನನ್ನ ಕೈಯಲ್ಲಿದ್ದ ಪಾನಾವನ್ನೂ ಮುಖವನ್ನೂ ನೋಡಿ, ಒಳಗೆ ಹೋಗಿ ತಮ್ಮ ಮೇಲೆ ಬಟ್ಟೆ ಹೊದಿಸಿದಳು.

ಅವ್ವ ಹೊರಡುವವರೆಗೆ ಆ ಖಾನಾವಳಿ ದಿನವೂ ನಡೆಯಿತು. ವಡೋದರಾ ನಿಲ್ದಾಣದಲ್ಲಿ ರೈಲಿನ ಕಿಟಕಿಯ ಸರಳು ಹಿಡಿದು ಸಂಜನಾ, "ಅಜ್ಜೀ, ಊರು ಮುಟ್ಟಿದ ಕೂಡ್ಲೇ ಫೋನ್ ಮಾಡು. ಇಲ್ಲಾಂದ್ರ ನನಗ ಸಿಟ್ಟು ಬರ್ತದ," ಎಂದಳು. ಅವ್ವ ಮುಖ ಆ ಕಡೆ ತಿರುಗಿಸಿ, ರೈಲು ಹೊರಟರೂ ಈ ಕಡೆ ತಿರುಗಲಿಲ್ಲ. ಈಗ ಭಾನುವಾರದ ಫೋನಿನಲ್ಲಿ ನನ್ನ ಸರದಿ ಬರುವ ಹೊತ್ತಿಗೆ ಅವ್ವನಿಗೆ ಸಾಕಾಗಿರುತ್ತದೆ.

ಆದ್ದರಿಂದ ಮಾನ್ಯರೇ, ನನ್ನ ಮಗಳಿಗೆ ತಾವು ಕನ್ನಡ ಕಲಿಸಿದಿರೆಂದು ಬ್ಯಾಂಕಿನಲ್ಲಿ ನಾನು ಹೇಳಿಕೊಂಡು ತಿರುಗಿದ್ದು ಸುಳ್ಳೆಂದೂ, ಉಪಗ್ರಹದ ಮೇಲೆ ಹೊರಿಸಿದ ದೋಷ ನನ್ನದೇ ಎಂದೂ ಈ ಮೂಲಕ ಬಹಿರಂಗಪಡಿಸುತ್ತೇನೆ. ಮೊನ್ನೆ ತಟ್ಟೆಯನ್ನು ಸರಿಪಡಿಸಿದ್ದೇನೆ. ತಾವು ಮತ್ತೆ ಪ್ರಸಾರ ಆರಂಭಿಸಿದ್ದೀರಿ. ಸೊಸೆ ಇನ್ನೂ ಬೀದಿಯಲ್ಲೇ ಅಳುತ್ತಿರುವುದನ್ನು ಕಂಡು ಸಂಜನಾಳೂ ರೇವಾಬೆನ್ನರೂ ಇದು ಹಳೆಯ ಕಂತೆಂದು ಎದ್ದುಹೋದರು. ಹೀಗಿರುವಾಗ ನನ್ನ ಬೇಡಿಕೆ ಸಣ್ಣದು: ಧಾರಾವಾಹಿಯಲ್ಲಿ ಮೃದುವಾಗಿ ಮಾತಾಡುವ ಹೆಂಗಸೊಬ್ಬಳನ್ನಾದರೂ ತಾವು ದಯಪಾಲಿಸಬೇಕು. ಮುಂದಿನ ತಿಂಗಳು ನಮ್ಮ ವಲಯ ವ್ಯವಸ್ಥಾಪಕರು ತಪಾಸಣೆಗೆ ಬರುತ್ತಾರೆ, ಅವರು ತುಮಕೂರಿನವರು, ಗ್ರಾಹಕರ ಪರವಾಗಿ ಅವರನ್ನು ಕನ್ನಡದಲ್ಲೇ ಸ್ವಾಗತಿಸುತ್ತೇನೆಂದು ರೇವಾಬೆನ್ ಹೇಳಿದ್ದಾರೆ.

ಬಟ್ಟೆ ಸರಿಸಿ, ಧೂಳು ಒರೆಸಿ, ತಮ್ಮ ಮುಂದೆ ಒಬ್ಬನೇ ಕೂತಿರುವ,

ತಮ್ಮ ವಿಶ್ವಾಸಿ,
ಮಲ್ಲಿಕಾರ್ಜುನ

ಮತ್ತೊಂದು ವಿಷಯ: ತಮ್ಮ ಜೊತೆ ಬಂದ ಪುಸ್ತಿಕೆಯಲ್ಲಿ 'ತೃಪ್ತಿಯಾದರೆ ನೆರೆಹೊರೆಯವರಿಗೆ ಹೇಳಿ, ಆಗದಿದ್ದರೆ ನಮಗೆ ಹೇಳಿ' ಎಂದಿದೆ. ಎರಡೂ ಆಗಿದ್ದರಿಂದ ಈ ಪತ್ರವನ್ನು ಮೊದಲು ನೆರೆಮನೆಯವರಿಗೆ ಓದಿ ಹೇಳಿದೆ. ಅವರು ಎಮ್ಮೆಗೆ ಹುಲ್ಲು ಹಾಕುವುದನ್ನು ನಿಲ್ಲಿಸದೆ, "ನಿಮ್ಮ ನಾಟಕ ನನಗೆ ಮೊದಲೇ ಗೊತ್ತಿತ್ತು!" ಎಂದರು. ಈ ಸಲ ಅರ್ಥ ತಿಳಿದೇ ಹೇಳಿದರೆಂದು ನನ್ನ ಅನುಮಾನ.