ಬೆಲ್ಟ್ ಸಡಿಲಾದ ಹೊಣೆಯನ್ನು ನನಗೆ ದಯಪಾಲಿಸಿದ್ದಕ್ಕಾಗಿ

ಹವ್ಯಾಸಿ ಕಾರ್ ರೇಸ್ ಕೂಟದ ಸುರಕ್ಷತಾ ಸಮಿತಿಯ ಘನ ಅಧ್ಯಕ್ಷರಿಗೆ,

ಮಾನ್ಯರೇ,

ತಮಗೂ, ತಮ್ಮ ಸಮಿತಿಯ ಸಮಸ್ತ ಸದಸ್ಯರಿಗೂ, ಸಮಿತಿ ಕೂರುವ ಡೇರೆಗೂ, ಆ ಡೇರೆಯ ಬಾಗಿಲಲ್ಲಿ ಗಾಳಿಗೆ ಓಲಾಡುವ ನಿಯಮಗಳ ಫಲಕಕ್ಕೂ ನನ್ನ ಗೌರವಪೂರ್ವಕ ವಂದನೆಗಳು. ಇಲ್ಲಿ ನಾವೆಲ್ಲರೂ ಕ್ಷೇಮ. ನಮ್ಮವರ ಈಗಷ್ಟೇ ಕೂಡಿಕೊಂಡ ಎರಡು ಪಕ್ಕೆಲುಬುಗಳನ್ನು ಬಿಟ್ಟರೆ ಮಿಕ್ಕ ಎಲುಬುಗಳೂ ಕ್ಷೇಮ. ತಾವೂ ಎಲುಬು ಸಮೇತ ಕ್ಷೇಮವಾಗಿರುವಿರೆಂದು ನಂಬಿ ಈ ನಾಲ್ಕು ಸಾಲು ಬರೆಯುತ್ತಿದ್ದೇನೆ. ಮಗು ಹುಟ್ಟಿದಾಗಿನಿಂದ ನಾನು ಸರಿಯಾಗಿ ನಿದ್ದೆ ಮಾಡಿಲ್ಲವಾದ್ದರಿಂದ ನಾಲ್ಕು ಸಾಲು ನಲವತ್ತಾದರೆ ಕ್ಷಮೆ ಇರಲಿ.

ನಾನು ಯಾರೆಂದು ತಮಗೆ ಥಟ್ಟನೆ ಹೊಳೆಯಲಿಕ್ಕಿಲ್ಲ. ಹಳೇ ವಿಮಾನ ನಿಲ್ದಾಣದ ರನ್‌ವೇಯಲ್ಲಿ ಭಾನುವಾರ ಭಾನುವಾರ ತಾವು ನಡೆಸುವ ರೇಸಿನಲ್ಲಿ, ನೀಲಿ ಕಾರಿನ ಪಕ್ಕ, ತಲೆ ಬಾಚಿಕೊಳ್ಳಲು ಪುರುಸೊತ್ತಿಲ್ಲದೆ, ಒಂದು ಹೆಗಲ ಮೇಲೆ ಮಗುವಿನ ಚೀಲ ನೇತುಹಾಕಿಕೊಂಡು ನಿಲ್ಲುವ ಹೆಂಗಸು ನಾನೇ. ಈ ಪತ್ರ ಬಹಿರಂಗವಾದ್ದರಿಂದ, ಕೂಟದ ಪದ್ಧತಿ ತಿಳಿಯದವರಿಗೂ ಎರಡು ಮಾತು ಹೇಳಬೇಕು. ರೇಸಿನ ಕಾರಿನಲ್ಲಿ ಕೂತವರು ಹೆಗಲ ಮೇಲಿನ ಬೆಲ್ಟುಗಳನ್ನು ತಾವೇ ಸರಿಯಾಗಿ ಬಿಗಿದುಕೊಳ್ಳಲಾರರು. ಅದಕ್ಕೆಂದು ಪ್ರತಿ ಚಾಲಕರಿಗೂ ಒಬ್ಬರು 'ಬೆಲ್ಟಿನವರು' ಇರುತ್ತಾರೆ. ಅವರು ಕಿಟಕಿಯೊಳಗೆ ಸೊಂಟದವರೆಗೂ ತೂರಿ, ಚಾಲಕರ ಎದೆಗೆ ಬೆಲ್ಟು ಅಂಟಿಕೊಳ್ಳುವಂತೆ ಎಳೆದು, ಹೊರಬಂದು, ಕಾರಿನ ನೆತ್ತಿಯನ್ನು ಅಂಗೈಯಿಂದ ಎರಡು ಸಲ ತಟ್ಟುತ್ತಾರೆ. ಆ ಸದ್ದು ಕೇಳದೆ ಬಾವುಟದವರು ಯಾವ ಕಾರನ್ನೂ ಸಾಲಿಗೆ ಬಿಡುವಂತಿಲ್ಲ ಎಂಬುದು ತಮ್ಮ ಫಲಕದ ನಾಲ್ಕನೆಯ ನಿಯಮ. ಮೊದಲನೆಯ ನಿಯಮ ಕೆಂಪಕ್ಷರದಲ್ಲಿದೆ: 'ಅವರವರ ಸುರಕ್ಷತೆಗೆ ಅವರವರೇ ಹೊಣೆ.' ಮದುವೆಯಾದ ಮೇಲೆ ನಮ್ಮವರ ಬೆಲ್ಟಿನವಳು ನಾನು. ಬಸುರಿಯಾಗಿ ಕಿಟಕಿಯೊಳಗೆ ತೂರಲಾಗದಿದ್ದ ಕೆಲವು ತಿಂಗಳು ಮಾತ್ರ ರಜೆ ಪಡೆದಿದ್ದೆ.

ಎರಡು ತಿಂಗಳ ಹಿಂದಿನ ರೇಸಿನಲ್ಲಿ ನಮ್ಮವರ ಕಾರು ಮೂರನೆಯ ತಿರುವಿನಲ್ಲಿ ಜಾರಿ, ಬುಗುರಿಯಂತೆ ಸುತ್ತಿ, ಟೈರು ಪೇರಿಸಿದ ಗೋಡೆಯನ್ನು ಮುಖಾಮುಖಿ ಭೇಟಿಯಾದದ್ದು ತಮಗೆ ನೆನಪಿರಬಹುದು. ಬೆಲ್ಟು ಎದೆಯಿಂದ ಎಷ್ಟು ದೂರದಲ್ಲಿತ್ತೋ, ಎದೆ ಸ್ಟೇರಿಂಗಿಗೆ ಅಷ್ಟು ಹತ್ತಿರ ಹೋಯಿತು. ಪಕ್ಕೆಲುಬು ಬಿರುಕು ಬಿಟ್ಟ ಮೇಲೆ ನಮ್ಮವರು ಮಗಳನ್ನು ಎತ್ತಿಕೊಳ್ಳುವ ಹಾಗಿರಲಿಲ್ಲ. ಇನ್ನೂ ನಡೆಯಲು ಬಾರದ ಆ ಕೂಸು ಅಪ್ಪನನ್ನು ಕಂಡ ಕೂಡಲೇ ಎರಡೂ ಕೈ ಚಾಚುತ್ತಿತ್ತು. ಇವರು ಕೈ ಇಳಿಬಿಟ್ಟುಕೊಂಡು, ಪರೀಕ್ಷೆಯಲ್ಲಿ ಉತ್ತರ ಬಾರದ ಹುಡುಗನ ಹಾಗೆ ನಿಲ್ಲುತ್ತಿದ್ದರು. ಇದನ್ನು ದೂರಿಗಾಗಿ ಹೇಳುತ್ತಿಲ್ಲ. ತಮ್ಮ ಸಮಿತಿ ಬಲು ವೇಗವಾಗಿ ನಡೆಸಿದ ವಿಚಾರಣೆಯಲ್ಲಿ ಈ ಭಾಗ ಬಿಟ್ಟುಹೋಗಿದ್ದರಿಂದ ಸೇರಿಸುತ್ತಿದ್ದೇನೆ, ಅಷ್ಟೇ.

ಆ ವಿಚಾರಣೆಯ ವೇಗವನ್ನು ಎಷ್ಟು ಹೊಗಳಿದರೂ ಸಾಲದು. ನನ್ನನ್ನು ಒಂದು ಮಾತೂ ಕೇಳದೆ, ಮುಂದಿನ ಭಾನುವಾರವೇ, ಚಹಾ ಸಿದ್ಧವಾಗಿದೆ ಎಂಬ ಪ್ರಕಟಣೆಗೂ ದಾರಿಗೆ ಅಡ್ಡ ನಿಲ್ಲಿಸಿರುವ ಬಿಳಿ ವ್ಯಾನನ್ನು ತೆಗೆಯಿರಿ ಎಂಬ ಪ್ರಕಟಣೆಗೂ ನಡುವೆ ತಾವು ಮೈಕಿನಲ್ಲಿ ತೀರ್ಪು ಸಾರಿಬಿಟ್ಟಿರಿ. "ನೀಲಿ ಕಾರಿನ ಅಪಘಾತಕ್ಕೆ ಬೆಲ್ಟಿನವರು ಸರಿಯಾಗಿ ಬಿಗಿಯದಿದ್ದದ್ದೇ ಕಾರಣ. ಕಂಕುಳಲ್ಲಿ ಮಗು ಇಟ್ಟುಕೊಂಡು ಬಿಗಿದರೆ ಹೀಗೇ ಆಗೋದು. ಅವರಿಗೆ ಎಚ್ಚರಿಕೆ ಕೊಡಲಾಗಿದೆ. ಬಿಳಿ ವ್ಯಾನಿನವರು ಎಲ್ಲಿದ್ದೀರಪ್ಪ?" ಎಂದಿರಿ. ನಾನು ಬೆಲ್ಟು ಬಿಗಿಯುವ ಹೊತ್ತಿನಲ್ಲಿ ನನ್ನ ಮಗು, ನಮ್ಮ ಕೂಟದಲ್ಲೇ ಕಾರು ಓಡಿಸುವ ಟೈಲರ್ ಅವರ ತಾಯಿಯ ತೊಡೆಯ ಮೇಲೆ ಕೂತು ಅವರ ಕನ್ನಡಕ ಚೀಪುತ್ತಿತ್ತು ಎಂಬುದನ್ನು ಹೇಳಲು ನಾನು ಡೇರೆಗೆ ಓಡಿ ಬಂದೆ. ತಾವು ವೃತ್ತಿಯಿಂದ ಹಲ್ಲಿನ ಡಾಕ್ಟರು. "ಏನೂ ಆಗಲ್ಲಮ್ಮ, ಎಲ್ಲಾ ಮುಗೀತು" ಎಂದು ಬೆನ್ನು ತಟ್ಟಿದಿರಿ. ನನ್ನ ದವಡೆ ಹಲ್ಲು ಕೀಳುವ ಮುಂಚೆಯೂ ಇದೇ ದನಿಯಲ್ಲಿ ಇದೇ ಮಾತು ಹೇಳಿದ್ದಿರಿ. ಆಮೇಲೆ ಏನೇನಾಯಿತು ಎಂಬುದು ನನ್ನ ದವಡೆಗೆ ಗೊತ್ತು.

ತೀರ್ಪು ಸಾರುವಾಗ ನಮ್ಮವರು ನನ್ನ ಪಕ್ಕದಲ್ಲೇ ಇದ್ದರು. ತುಟಿ ಪಿಟಕ್ಕೆನ್ನಲಿಲ್ಲ. ಪಕ್ಕೆಲುಬಿನ ನೋವಿಗೆ ಮಾತು ಹೊರಡುತ್ತಿಲ್ಲವೇನೋ ಎಂದುಕೊಂಡೆ. ಅವರು ಲಿಫ್ಟ್ ತಪಾಸಣೆ ಮಾಡುವವರು. ಒಂದು ನಟ್ಟು ಸಡಿಲ ಕಂಡರೂ ಲಿಫ್ಟಿಗೆ ಬೀಗ ಹಾಕಿಸಿ, ಇಡೀ ಕಟ್ಟಡದವರನ್ನು ಮೆಟ್ಟಿಲು ಹತ್ತಿಸಿ, ಅವರ ಶಾಪವನ್ನೆಲ್ಲ ನಗುನಗುತ್ತಾ ಹೊತ್ತು ಮನೆಗೆ ಬರುವ ಆಸಾಮಿ. ಅಂದು ಹೊರಡುವಾಗಲೂ, ನೋವಿನಲ್ಲಿ ಬಗ್ಗಿ, ನಮ್ಮ ಮನೆ ಕಾರಿನ ಹಿಂದಿನ ಸೀಟಿನಲ್ಲಿ ಮಗಳ ಪುಟ್ಟ ಬೆಲ್ಟನ್ನು ಹೆಗಲ ಹತ್ತಿರ ಚಿಮುಟಿ ನೋಡಿದರು. ಚಿಮುಟಿದರೆ ಬೆರಳಿಗೆ ಮಡಿಕೆ ಸಿಕ್ಕಿಬಿಟ್ಟರೆ ಬೆಲ್ಟು ಸಡಿಲವಿದೆ ಎಂದರ್ಥ. ಹಾಲಿನ ಅಂಗಡಿಗೆ ಹೋಗುವಾಗಲೂ ಹೀಗೆ ಚಿಮುಟದೆ ಅವರು ಗಾಡಿ ತೆಗೆಯುವುದಿಲ್ಲ. ಅದನ್ನು ನೋಡುತ್ತಾ ನಿಂತವಳಿಗೆ ತಡೆಯಲಾಗಲಿಲ್ಲ.

"ರೀ, ನಿಮ್ಮದನ್ನೂ ನಾನು ಹಿಂಗೇ ಚಿಮುಟಿ ನೋಡಿದ್ದೆ. ಮಡಿಕೆ ಸಿಕ್ಕಿರಲಿಲ್ಲ. ಸಡಿಲ ಮಾಡಿದ್ದು ಯಾರು?" ಎಂದೆ. ಅವರು ಮಗುವಿನ ಟೋಪಿ ಸರಿಮಾಡಿದರು. ಸರಿಯಾಗಿಯೇ ಇದ್ದ ಟೋಪಿಯನ್ನು ಮತ್ತೊಮ್ಮೆ ಸರಿಮಾಡಿ, "ನಾನೇ ಕಣೆ. ಸಾಲಲ್ಲಿ ನಿಂತಾಗ ಒಂಚೂರು ಉಸಿರು ಬಿಟ್ಕೊಂಡೆ. ಎಲ್ಲರೂ ಬಿಟ್ಕೋತಾರೆ," ಎಂದರು. "ಮತ್ತೆ ಮೈಕಲ್ಲಿ ತಪ್ಪು ನನ್ನ ಮೇಲೆ ಹಾಕುವಾಗ ಬಾಯಲ್ಲಿ ಏನು ಕಡುಬು ತುಂಬ್ಕೊಂಡಿದ್ರಾ?" ಎಂದರೆ, "ನಾನು ಅಂದ್ರೆ ಒಂದು ಸೀಸನ್ ಹೊರಗೆ ಕೂರಿಸ್ತಾರೆ. ನಿನಗಾದ್ರೆ ಬರೀ ಎಚ್ಚರಿಕೆ ತಾನೆ" ಎಂಬ ಉತ್ತರ ಬಂತು. ಎಷ್ಟು ಅಚ್ಚುಕಟ್ಟಾದ ಲೆಕ್ಕ! ಕಾಲೇಜಿನಲ್ಲಿ ಭೌತಶಾಸ್ತ್ರ ಓದಿ ಒಳ್ಳೆಯ ಅಂಕ ತೆಗೆದುಕೊಂಡವಳಿಗೂ ತೂಕವನ್ನು ಇಷ್ಟು ಸುಲಭವಾಗಿ ಪಕ್ಕದವರ ಮೇಲೆ ಜಾರಿಸಬಹುದೆಂದು ಯಾವ ಪಾಠದಲ್ಲೂ ಸಿಕ್ಕಿರಲಿಲ್ಲ.

ಮಾನ್ಯರೇ, ಈ 'ಉಸಿರು ಬಿಡುವ' ಕಲೆ ತಮಗೆ ಹೊಸದೇನಲ್ಲವೆಂದು ಆಮೇಲೆ ತಿಳಿಯಿತು. ನೆತ್ತಿ ತಟ್ಟಿಸಿಕೊಂಡು, ಬಾವುಟದವರನ್ನು ದಾಟಿ, ಸಾಲಿನಲ್ಲಿ ನಿಂತ ಮೇಲೆ ಹೆಬ್ಬೆರಳಿನಿಂದ ಕೊಂಡಿಯನ್ನು ಒತ್ತಿ ಬೆಲ್ಟನ್ನು ಒಂದು ಅಂಗೈ ಅಗಲ ಸಡಿಲಿಸುವುದು ಕೂಟದ ಹಿರಿಯರ ಲಕ್ಷಣವಂತೆ. ಬಿಗಿ ಬೆಲ್ಟು ಹೊಸಬರಿಗಂತೆ. ಸಡಿಲಿಸದವರನ್ನು "ಏನಪ್ಪ, ತೊಟ್ಟಿಲಲ್ಲಿ ಮಲಗಿದ್ದೀಯಾ?" ಎಂದು ಪಕ್ಕದ ಕಾರಿನವರು ಕಿಚಾಯಿಸುತ್ತಾರಂತೆ. ಬಿಗಿಯಲು ಇನ್ನೊಬ್ಬರ ಎರಡು ಕೈ ಬೇಕು, ಸಡಿಲಿಸಲು ಸ್ವಂತದ ಒಂದು ಹೆಬ್ಬೆರಳು ಸಾಕು. ಆದರೆ ಗೋಡೆಗೆ ಗುದ್ದಿದ ಮೇಲೆ ಹುಡುಕುವುದು ಮಾತ್ರ ಆ ಎರಡು ಕೈಗಳನ್ನು. ಇಂಥ ನಿಯಮಾವಳಿಯನ್ನು ರಚಿಸಿದ ತಮ್ಮ ಸಮಿತಿಗೆ ಸಾಷ್ಟಾಂಗ ನಮಸ್ಕರಿಸಬೇಕೆಂದಿದ್ದೆ. ಮಗು ಬೆನ್ನ ಮೇಲೆ ಹತ್ತಿ ಕೂರುತ್ತದೆಂದು ಬಿಟ್ಟೆ.

ತಮ್ಮಲ್ಲಿ ಕೆಲವು ಸಣ್ಣ ಕೋರಿಕೆಗಳಿವೆ. ಮೂರನೆಯ ತಿರುವಿನ ಟೈರು ಗೋಡೆಗೆ ಮೊದಲನೆಯ ನಿಯಮವನ್ನು ಬಾಯಿಪಾಠ ಮಾಡಿಸಿ, ಕಾರು ಬಂದು ಗುದ್ದುವ ಮುಂಚೆ ಅದು ಗಟ್ಟಿಯಾಗಿ ಒಪ್ಪಿಸುವಂತೆ ಏರ್ಪಾಡು ಮಾಡಬೇಕು. ಕಾರು ನಿಂತರೂ ಒಳಗಿರುವ ಮನುಷ್ಯ ಅದೇ ವೇಗದಲ್ಲಿ ಮುಂದಕ್ಕೆ ಹೋಗುತ್ತಾನೆಂಬ ಪ್ರಕೃತಿಯ ನಿಯಮಕ್ಕೆ ಕೂಟದ ಸದಸ್ಯತ್ವ ಇಲ್ಲವಾದ್ದರಿಂದ, ಅದನ್ನು ರನ್‌ವೇಯಿಂದ ಗಡೀಪಾರು ಮಾಡಬೇಕು. ಹಾಗೂ ಹೀಗೂ ಬರುತ್ತೇನೆಂದು ಹಟ ಹಿಡಿದರೆ ಅದಕ್ಕೂ ಒಂದು ಎಚ್ಚರಿಕೆ ಕೊಡಬೇಕು. ಇನ್ನು, ಅವರವರಿಗೆ ಅವರವರೇ ಹೊಣೆಯೆಂದ ಮೇಲೆ ನಮ್ಮವರ ಪಕ್ಕೆಲುಬು ನಮ್ಮವರೊಬ್ಬರದೇ ಆಗಬೇಕು. ಅದರ ನೋವು ನಮ್ಮ ಮನೆಯ ಅಡುಗೆಮನೆಗೆ, ಬಚ್ಚಲಿಗೆ, ತೊಟ್ಟಿಲಿಗೆ ಹೇಗೆ ಬಂತು ಎಂಬುದರ ಬಗ್ಗೆ ತಾವು ಬೇರೆಯೇ ಒಂದು ವಿಚಾರಣೆ ನಡೆಸಬೇಕು. ಅಪ್ಪನ ಕಡೆಗೆ ಚಾಚಿ ಚಾಚಿ ಸೋತ ನನ್ನ ಮಗಳ ಕೈಗಳಿಗೆ ತಾವೇ ಖುದ್ದಾಗಿ, ಮೈಕಿನಲ್ಲಾದರೂ ಸರಿ, ಇದರಲ್ಲಿ ಅವಳ ಪಾಲಿನ ಹೊಣೆ ಎಷ್ಟು ಎಂದು ತಿಳಿಸಿಕೊಡಬೇಕು.

ಇಷ್ಟೆಲ್ಲ ಆದ ಮೇಲೂ ನಾನು ತೀರ್ಪನ್ನು ಪ್ರಶ್ನಿಸುತ್ತಿಲ್ಲ. ಬದಲಿಗೆ ಸಂತೋಷದಿಂದ ಒಪ್ಪಿಕೊಂಡಿದ್ದೇನೆ. ನಮ್ಮವರ ಎಲುಬು ಕೂಡಿಕೊಂಡಿದೆಯೆಂದು ಎಲುಬಿನ ಡಾಕ್ಟರು ಹೇಳಿದ್ದಾರೆ. ಬರುವ ಭಾನುವಾರ ಮತ್ತೆ ರೇಸಿಗಿಳಿಯುತ್ತೇನೆಂದು ಇವರು ಹೆಲ್ಮೆಟ್ ಒರೆಸಿಟ್ಟಿದ್ದಾರೆ. ಬೆಲ್ಟಿನ ಪೂರ್ತಿ ಹೊಣೆ ನನ್ನದೆಂದು ತಾವೇ ಊರಿಗೆಲ್ಲ ಕೇಳುವಂತೆ ಸಾರಿರುವುದರಿಂದ, ಆ ಹೊಣೆಯ ಜೊತೆ ಬರುವ ಅಧಿಕಾರವನ್ನೂ ನಾನು ತೆಗೆದುಕೊಳ್ಳುತ್ತಿದ್ದೇನೆ. ಭಾನುವಾರ ಬೆಲ್ಟನ್ನು ಬಿಗಿಯುತ್ತೇನೆ, ಚಿಮುಟಿ ನೋಡುತ್ತೇನೆ, ಹೊರಬರುತ್ತೇನೆ. ನೆತ್ತಿ ಮಾತ್ರ ತಟ್ಟುವುದಿಲ್ಲ. ನಮ್ಮವರು ಮೊದಲು ಅದೇ ಮೈಕಿನಲ್ಲಿ, ಬೆಲ್ಟು ಸಡಿಲಿಸಿದ್ದು ತಾವೇ ಎಂದು ಹೇಳಬೇಕು. ಆಮೇಲೆ ಸಮಿತಿಯವರೊಬ್ಬರು, ಸಾಲಿನಲ್ಲಿ ನಿಂತ ಪ್ರತಿ ಕಾರಿನ ಹತ್ತಿರ ಹೋಗಿ, ಬಾವುಟ ಬೀಳುವ ಮುಂಚೆ ಇನ್ನೊಮ್ಮೆ ಚಿಮುಟಿ ನೋಡಬೇಕು. ಅಲ್ಲಿಯವರೆಗೆ ನನ್ನ ಅಂಗೈ ನನ್ನ ಹತ್ತಿರವೇ ಇರುತ್ತದೆ. ನಾಲ್ಕನೆಯ ನಿಯಮವನ್ನು ಬರೆದವರು ತಾವು. ಅದನ್ನು ಮೀರಿ ನೀಲಿ ಕಾರನ್ನು ಬಿಡುವಷ್ಟು ಬೇಜವಾಬ್ದಾರಿ ತಮ್ಮಿಂದ ಆಗದೆಂಬ ನಂಬಿಕೆ ನನಗಿದೆ.

ಪತ್ರವನ್ನು ನಮ್ಮವರಿಗೂ ತೋರಿಸಿದೆ. ಮೊದಲು ನಕ್ಕರು. ಆಮೇಲೆ, "ಆ ಉಸಿರಿನ ವಿಷಯ ಒಂದು ತೆಗೆದುಬಿಡು ಮಾರಾಯ್ತಿ, ಹುಡುಗರ ಮುಂದೆ ಮಾನ ಹೋಗುತ್ತೆ" ಎಂದರು. "ಮಾನ ಹೋದ್ರೆ ಬರುತ್ತೆ" ಎಂದೆ. ಉಳಿದರ್ಧ ಅವರ ಪಕ್ಕೆಲುಬಿಗೇ ಗೊತ್ತಿದೆಯೆಂದು ಮಗುವಿನ ಬಟ್ಟೆ ಮಡಿಸಲು ಹೋದೆ. ನಿನ್ನೆ ಸಂಜೆ ಮಗಳನ್ನು ಎತ್ತಿ ಸೀಟಿನಲ್ಲಿ ಕೂರಿಸಿ, ಅವಳ ಬೆಲ್ಟು ಚಿಮುಟುತ್ತಾ, ನನ್ನ ಮುಖ ನೋಡದೆಯೇ, "ಆ ಮೈಕು ಒಂದೊಂದು ಸಲ ಕೈ ಕೊಡುತ್ತೆ. ಮಾತಾಡೋ ಮುಂಚೆ ಆನ್ ಆಗಿದೆಯಾ ಅಂತ ನೋಡ್ಕೋಬೇಕು" ಎಂದರು. ಆದ್ದರಿಂದ ದಯವಿಟ್ಟು ಭಾನುವಾರ ಬೆಳಿಗ್ಗೆ ಮೈಕನ್ನು ಸುಸ್ಥಿತಿಯಲ್ಲಿ ಇಡಿಸಬೇಕೆಂದು, ಒಂದು ಸೀಸನ್ ಹೊರಗೆ ಕೂರುವವರಿಗಾಗಿ ನೆರಳಲ್ಲಿ ಒಂದು ಕುರ್ಚಿಯನ್ನೂ ಹಾಕಿಸಬೇಕೆಂದು ಕೈಮುಗಿದು ಕೇಳಿಕೊಳ್ಳುತ್ತೇನೆ. ಮಗು ಎತ್ತಿಕೊಂಡು ಕೂರಲು ಕೈಯಿರುವ ಕುರ್ಚಿಯಾದರೆ ಒಳ್ಳೆಯದು.

ತಮ್ಮ ಸಮಿತಿಯ ಎಚ್ಚರಿಕೆಯನ್ನು ತಲೆಯ ಮೇಲಿಟ್ಟುಕೊಂಡು ನಿದ್ದೆಗೆಟ್ಟಿರುವ,

ತಮ್ಮ ವಿಶ್ವಾಸಿ,
ನೀಲಿ ಕಾರಿನ ಬೆಲ್ಟಿನವಳು

ವಿ.ಸೂ.: ಅಂಚೆಗೆ ಹಾಕುವ ಮುಂಚೆ ಈ ಪತ್ರವನ್ನು ಟೈಲರ್ ಅವರ ತಾಯಿಗೆ, ಬೇಕರಿಯವರ ಅತ್ತಿಗೆಗೆ, ಒಟ್ಟಿನಲ್ಲಿ ಕೂಟದ ಬೆಲ್ಟಿನವರಿಗೆಲ್ಲ ಓದಿ ಹೇಳಿದೆ. ಭಾನುವಾರ ಅವರೆಲ್ಲರ ಅಂಗೈಗೂ ರಜೆಯಂತೆ. ತಾವು ರೇಸಿಗಿಳಿಯುವಾಗ ತಮ್ಮ ಬೆಲ್ಟು ಬಿಗಿಯುವ ತಮ್ಮ ಶ್ರೀಮತಿಯವರಂತೂ ಎರಡೆರಡು ಸಲ ಓದಿಸಿಕೊಂಡು, "ನಮ್ಮವರಿಗೆ ಹೊಟ್ಟೆ ಒತ್ತುತ್ತೆ ಅಂತ ನಾನು ಬಿಗಿಯೋದನ್ನೇ ಬಿಟ್ಟಿದ್ದೆ ಕಣಮ್ಮ, ಸುಮ್ನೆ ತಟ್ಟಿ ಕಳಿಸ್ತಿದ್ದೆ. ಈ ಸಲ ಬಿಗೀತೀನಿ, ತಟ್ಟಲ್ಲ" ಎಂದಿದ್ದಾರೆ. ಭಾನುವಾರ ಬೆಳಗಿನ ತಿಂಡಿಯನ್ನು ತಾವು ಸ್ವಲ್ಪ ಕಡಿಮೆ ಮಾಡುವುದು ಕ್ಷೇಮ.